ಕೇಸು ಪುಸ್ತಕದ ಮೂರನೇ ಕಾಲಂ

ಶ್ರೀಮಂಗಲದ ಪಶು ಆಸ್ಪತ್ರೆಯ ಕೇಸು ಪುಸ್ತಕಕ್ಕೆ ಏಳು ಕಾಲಂ.
ಮೂರನೆಯದು: ‘ದೂರು, ಮಾಲೀಕರು ಹೇಳಿದಂತೆ.’
ಮೇವು ಬಿಟ್ಟಿದೆ, ಹಾಲು ಇಳಿದಿದೆ, ಬೆದೆಗೆ ಬರುತ್ತಿಲ್ಲ.
ಹದಿನಾಲ್ಕು ವರ್ಷ ನಾನು ಬರೆದದ್ದೆಲ್ಲ
ಒಬ್ಬರ ನೋವು, ಇನ್ನೊಬ್ಬರ ಬಾಯಿ.

ದಮಯಂತಿ ನಮ್ಮಲ್ಲಿ ಡಿ ಗ್ರೂಪು.
ಗುಡಿಸುವುದು, ಕತ್ತರಿ ಚಿಮಟ ಕುದಿಸುವುದು, ಹಿಡಿದುಕೊಳ್ಳುವುದು.
ಹಿಡಿದುಕೊಳ್ಳುವುದು ಅಂದರೆ,
ಒದೆಯುವ ಎಮ್ಮೆಯ ಪಕ್ಕೆಗೆ ತನ್ನ ಪಕ್ಕೆ ತಾಗಿಸಿ ಸುಮ್ಮನೆ ನಿಲ್ಲುತ್ತಾಳೆ,
ತುಂಬಿದ ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ನಿಂತ ಹಾಗೆ.
ಸ್ವಲ್ಪ ಹೊತ್ತಿಗೆ ಎರಡು ಉಸಿರೂ ಒಂದೇ ಲೆಕ್ಕಕ್ಕೆ ಬರುತ್ತವೆ.
ಆಮೇಲೆ ‘ಹಿಂದಿನ ಎಡಗೊರಸು ನೋಡಿ ಸಾರ್’ ಅನ್ನುತ್ತಾಳೆ.
ನೋಡಿದರೆ, ಮುಳ್ಳು.

ಗದಗಿನವನು ನಾನು, ಕೆಣಕದೆ ಇರಲಾರೆ:
‘ಹೆಸರಿಗೆ ತಕ್ಕಂತೆ ಹಂಸ ಬಂದು ಕಿವಿಯಲ್ಲಿ ಹೇಳಿತೇನು?’
ಬಕೆಟ್ಟು ತೊಳೆಯುತ್ತಲೇ ಅಂದಳು:
‘ಹಂಸ ಬಾತಿನ ಜಾತಿ ಅಲ್ವಾ ಸಾರ್,
ಮೊದಲು ರೆಕ್ಕೆ ಅದುಮಿ ಹಿಡೀಬೇಕು.’

ಕೈಲ್‌ಪೊಳ್ದ್ ಕಳೆದು ನಾಲ್ಕನೇ ದಿನ, ಬೆಳಕು ಇನ್ನೂ ಬಲಿತಿರಲಿಲ್ಲ,
ಪಳಂಗಪ್ಪ ಜೂಲಿಯನ್ನು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಬಂದ.
ಆ ವಾರವಷ್ಟೇ ತೆಂಗಿನಕಾಯಿಗೆ ಗುರಿಯಿಟ್ಟು ಗೆದ್ದಿದ್ದ ಕೈ.
‘ಗದ್ದೆಗೆ ಹಂದಿ ಬಂದಿತ್ತು. ಕತ್ತಲೆ. ಇವಳು ಅಡ್ಡ...’
ಅಲ್ಲಿಗೇ ನಿಂತಿತು.
ನಾನು ಬರೆದುಕೊಂಡೆ: ಕತ್ತಲೆ.

ಮೇಜಿನ ಮೇಲೆ ಜೂಲಿ ನರಳಲಿಲ್ಲ.
ಗುಂಡಿನ ಚೂರು ತೊಡೆಯಲ್ಲಿ, ಕಣ್ಣು ಅವನ ಮೇಲೆ.
ತಡೆಯಲಾರದೆ ಅವನು ದಮಯಂತಿಯ ಕಡೆ ತಿರುಗಿದ;
ಅವಳ ವಿಷಯ ಊರಲ್ಲಿ ಕೇಳಿದ್ದನಂತೆ.
‘ಕೇಳು. ನನ್ನ ಮೇಲೆ ಕೋಪವಾ ಅಂತ ಕೇಳು.
ಅಲ್ಲ, ಹೊಡೆದದ್ದು ನಾನೇ ಅಂತ ಗೊತ್ತಾ, ಅದನ್ನ ಕೇಳು.’

ಅವಳು ಏನೂ ಕೇಳಲಿಲ್ಲ.
ಎದೆಗೂಡಿನ ಮೇಲೆ ಅಂಗೈ ಇಟ್ಟಳು.
ಹೊರಗೆ ಡೈರಿಯ ಕ್ಯಾನುಗಳು ಒಂದಕ್ಕೊಂದು ಬಡಿದುಕೊಂಡವು.
ನನಗೇ ನಾಚಿಕೆಯಾಗುವಷ್ಟು ಕುತೂಹಲ;
ಕ್ಷಮಿಸಿದೆ ಅಂದುಬಿಡಲಿ, ಸುಳ್ಳಾದರೂ ಸರಿ, ಎಂದುಕೊಂಡೆ.

‘ಬಾಯಾರಿದೆಯಂತೆ.’

‘ಅಷ್ಟೇನಾ?’ ಪಳಂಗಪ್ಪನ ದನಿ ಒಡೆದಿತ್ತು.

‘ಅಷ್ಟೇ.’

ನಾಲ್ಕು ಹನಿ ಸಾಕು, ಅರಿವಳಿಕೆ ಕೊಡಬೇಕು ಎಂದೆ.
ಅವನು ನಲ್ಲಿಗೆ ಕೈಯೊಡ್ಡಿದ. ಬೆರಳ ಸಂದಿಯಲ್ಲಿ ಅರ್ಧ ಸೋರಿತು.
ಉಳಿದದ್ದನ್ನು ಜೂಲಿ ನೆಕ್ಕಿತು, ನೀರು ಮುಗಿದ ಮೇಲೂ ನೆಕ್ಕಿತು,
ಕೋವಿಮದ್ದಿನ ವಾಸನೆ ಇನ್ನೂ ಬಿಡದ ಆ ಅಂಗೈಯ
ಒಂದು ಗೆರೆಯನ್ನೂ ಬಿಡದೆ.
ಅದರ ಅರ್ಥ ಕೇಳೋಣವೆಂದರೆ
ದಮಯಂತಿ ಆಗಲೇ ಕತ್ತರಿ ಕುದಿಸಲು ಹೋಗಿದ್ದಳು.

ಸಂಜೆ ಮೂರನೇ ಕಾಲಮ್ಮಿನಲ್ಲಿ ‘ಕತ್ತಲೆ’ ಹೊಡೆದುಹಾಕಿ
‘ನೀರು’ ಎಂದು ಬರೆದೆ.
ತಪಾಸಣೆಗೆ ಮಡಿಕೇರಿಯಿಂದ ಬಂದ ಸಾಹೇಬರು
ಪಕ್ಕದಲ್ಲಿ ಕೆಂಪು ಶಾಯಿಯ ಒಂದು ಪ್ರಶ್ನೆ ಚಿಹ್ನೆ ಹಾಕಿ ಹೋದರು.
ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.
ಜೂಲಿ ಕುಂಟುತ್ತದೆ. ಪೇಟೆಗೆ ಬಂದರೆ
ಮೊದಲು ಆ ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತದೆ.