ಮೊದಲು ಏಳುವವನು

ಬಾಳೆಲೆಯ ಮೈದಾನದಲ್ಲಿ ಕೊನೆಯ ಸೀಟಿ.
ಎರಡಕ್ಕೆ ನಾಲ್ಕು. ಸೋತೆವು.
ಸೋಲು ನಮ್ಮ ಒಕ್ಕಕ್ಕೆ ಹೊಸದಲ್ಲ,
ತೊಡೆಯ ಈ ಹಿಡಿತ ಹೊಸದು:
ಒಳಗೆ ಯಾರೋ ಕೂತು ಹಗ್ಗ ಹೊಸೆದ ಹಾಗೆ,
ಹೊಸೆದ ಹಗ್ಗವನ್ನು ಕಾಚಂಪುಳಿಯಲ್ಲಿ ಅದ್ದಿದ ಹಾಗೆ.

ಜೀಪಿನ ಹಿಂದೆ ಮೀನಿನ ಪೆಟ್ಟಿಗೆ
(ವಿರಾಜಪೇಟೆಯಿಂದ ಎರವಲು ತಂದದ್ದು,
ಎಷ್ಟು ತೊಳೆದರೂ ಬಂಗುಡೆಯ ನೆನಪು ಬಿಡದು)
ಅದರಲ್ಲಿ ಐಸು, ಐಸಿನೊಳಗೆ ಹದಿನೆಂಟು ಬಿಯರು.
"ಮದ್ದು ಬಂತು" ಅಂದ ಪಳಂಗಪ್ಪ,
ಐವತ್ತಮೂರರ ಗೋಲ್‌ಕೀಪರ್,
ಪ್ಯಾಡಿನ ಬಕಲು ಬಿಚ್ಚಲು ಬಗ್ಗಲಾರದೆ
ಕಾಲನ್ನು ಹಾಗೆಯೇ ಎತ್ತಿ ನನ್ನ ಮಡಿಲಲ್ಲಿಟ್ಟವನು.

ಮಗಳು ದೇಚಮ್ಮ ಪಕ್ಕದಲ್ಲೇ ಇದ್ದಳು,
ಮಂಗಳೂರಲ್ಲಿ ಫಿಜಿಯೋಥೆರಪಿ ಕೊನೆಯ ವರ್ಷ.
"ಪಪ್ಪ, ಅದು ಮದ್ದಲ್ಲ.
ಹರಿದ ಸ್ನಾಯು ತನ್ನನ್ನು ತಾನೇ ಹೊಲಿದುಕೊಳ್ಳುವ ಹೊತ್ತು ಇದು,
ನೀವು ಸೂಜಿ ಕಸಿಯಲು ಆಳು ಕಳಿಸುತ್ತಿದ್ದೀರಿ.
ಒಳಗೆ ಉಳಿದ ನೀರನ್ನೂ ಬೇಲಿಯ ಬದಿಗೆ ಅಟ್ಟುತ್ತದೆ ಅದು.
ಒಂದು ಕಿಲೋ ಬೆವರಿಗೆ ಒಂದೂವರೆ ಲೀಟರು ನೀರು,
ಚಿಟಿಕೆ ಉಪ್ಪು, ಎರಡು ಮೊಟ್ಟೆ, ಮತ್ತೆ ನಿದ್ದೆ."

ತಮ್ಮಯ್ಯನ ವಾದ ಬೇರೆ:
ಬಾರ್ಲಿಯೆಂದರೆ ಧಾನ್ಯ ತಾನೆ,
ಗಂಜಿಗೆ ದೊಡ್ಡಪ್ಪನ ಮಗ ಆಗಬೇಕು.
"ಪಟಾಲಮ್ಮಿನಲ್ಲಿ ಹದಿನೇಳು ವರ್ಷ,
ಓಟ ಮುಗಿದರೆ ನಮಗೆ ಕೊಡುತ್ತಿದ್ದದ್ದು ಇದೇ."
"ಬಿಯರಾ?"
"ರಮ್ಮು."
"ಅದೂ ಬಾರ್ಲಿಯದ್ದಾ?"
ಅವನು ಬಾಟಲಿಯ ಲೇಬಲು ಓದತೊಡಗಿದ,
ಕನ್ನಡಕವಿಲ್ಲದೆ, ಬಹಳ ಹೊತ್ತು.

ನಾನು ಬೆರಳದ್ದಿ ಎರಡು ಹನಿ ನೆಲಕ್ಕೆ ಬಿಟ್ಟೆ,
ಕಾರಣವರಿಗೆ.
ಅವರದ್ದೂ ಇದೇ ಮಂಡಿ, ಬೆಟ್ಟ ಹತ್ತಿಳಿದು ಸವೆದದ್ದು;
ಬಂದ ಆಸ್ತಿಯಲ್ಲಿ ತಕರಾರಿಲ್ಲದೆ
ಎಲ್ಲರಿಗೂ ಸಮಪಾಲಾದದ್ದು ಇದೊಂದೇ.

ಮೊದಲ ಗುಟುಕು, ಸುಳ್ಳು ಹೇಳಲಾರೆ,
ಕೊರಳಿಳಿದು ಎದೆಯ ಕದ ತಟ್ಟಿ
ಉಂಗುಷ್ಠದ ತನಕ ಸುದ್ದಿ ಮುಟ್ಟಿಸಿತು.
ಎರಡನೆಯ ಬಾಟಲಿಗೆ ಅಂಪೈರು ಒಳ್ಳೆಯವನಾದ.
ಮೂರನೆಯ ಹೊತ್ತಿಗೆ ಎರಡಕ್ಕೆ ನಾಲ್ಕು ಎಂಬುದು
ಅವನ ಸ್ವಂತ ಅಭಿಪ್ರಾಯವಾಗಿತ್ತು.
ತೊಡೆ ಮಾತ್ರ ಒಪ್ಪಲಿಲ್ಲ.
ಹಗ್ಗ ಹೊಸೆಯುವವನು ಅಲ್ಲೇ ಇದ್ದ,
ಒಂದು ತೊಟ್ಟೂ ಕುಡಿಯದೆ, ಕೆಲಸ ನಿಲ್ಲಿಸದೆ.

ಕತ್ತಲಾಯಿತು. ಆಚೆ ತೋಟದಿಂದ ಕಾಫಿಹೂವಿನ ಗಾಳಿ ಬಂದು
ನಮ್ಮ ಬೆವರಿಗೆ ತಾಗಿ ಹಿಂದೆ ಸರಿಯಿತು.
ಯಾರೂ ಏಳಲಿಲ್ಲ.
"ಇನ್ನೊಂದು?"
"ಸರಿ, ಇನ್ನೊಂದು."

ಆಗ ಹೊಳೆಯಿತು: ಇದು ಬಾಯಾರಿಕೆಯಲ್ಲ.
ಎದ್ದರೆ ಗೊತ್ತಾಗಿಬಿಡುತ್ತದೆ.
ಒಂದು ಕೈ ನೆಲಕ್ಕೆ, ಒಂದು ಕೈ ಸ್ಟಿಕ್ಕಿಗೆ,
ಬಾಯಿಂದ ತಾನಾಗಿ ಹೊರಡುವ ಒಂದು ನರಳು.
ಹೆಂಡಂದಿರು ಎದುರಿಗಿದ್ದಾರೆ,
ಗೆದ್ದ ಹುಡುಗರು ಬೈಕುಗಳ ಮೇಲೆ ಕೂತು ನೋಡುತ್ತಿದ್ದಾರೆ.
ಅದಕ್ಕೇ ಒಬ್ಬರ ಮುಖ ಒಬ್ಬರು ನೋಡುತ್ತ
ಮತ್ತೊಂದು ಮುಚ್ಚಳ ತೆಗೆಯುತ್ತಿದ್ದೆವು.

ಬೊಳ್ಕ ಬಂದ. ಬೆಳಿಗ್ಗೆ ಆರಕ್ಕೆ ಗೆರೆ ಎಳೆದವನು,
ಮೊಣಕಾಲಿನ ತನಕ ಸುಣ್ಣ,
ಬಿಚ್ಚಿದ ಗೋಲಿನ ಬಲೆ ಹೆಗಲಲ್ಲಿ.
ನಮ್ಮ ಸುತ್ತಲಿನ ಖಾಲಿ ಬಾಟಲಿ ಹೆಕ್ಕುತ್ತ
ಹದಿನಾಲ್ಕು ಸಲ ಬಗ್ಗಿದ, ಹದಿನಾಲ್ಕು ಸಲ ಎದ್ದ.
(ಎಣಿಸಿದ್ದು ನಾನಲ್ಲ, ದೇಚಮ್ಮ.)
"ಬೆನ್ನು ನೋಯುವುದಿಲ್ವಾ ನಿಮಗೆ?"
"ನೋಯ್ತದೆ."
"ಮತ್ತೆ ಏನು ಮಾಡ್ತೀರಿ?"
ಅವನು ಸ್ವಲ್ಪ ಯೋಚಿಸಿದ.
"ನಾಳೆ ಎರಡು ಮ್ಯಾಚುಂಟು" ಅಂದ.

ಫಿಜಿಯೋಥೆರಪಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲವೋ ಏನೋ,
ಅವಳು ಹೋಗಿ ನೀರಿನ ಕ್ಯಾನು ತಂದಳು,
ಮೊದಲ ಲೋಟ ಅವನಿಗೆ, ಎರಡನೆಯದು ನನಗೆ,
ಉಪ್ಪು ಜಾಸ್ತಿ ಬಿದ್ದಿತ್ತು, ಕುಡಿದೆವು.
ಆಮೇಲೆ ಕೈ ಚಾಚಿದಳು:
"ಬನ್ನಿ ಪಪ್ಪ, ಯಾರೂ ನೋಡ್ತಾ ಇಲ್ಲ."
ಎಲ್ಲರೂ ನೋಡುತ್ತಿದ್ದರು.

ಎದ್ದೇಬಿಡೋಣ ಅಂದುಕೊಂಡೆ. ಆದರೆ
ಪಳಂಗಪ್ಪ ನಿದ್ದೆ ಹೋಗಿದ್ದ,
ಬಾಯಿ ತೆರೆದು, ಬಾಟಲಿ ಎದೆಗವಚಿ,
ಪ್ಯಾಡು ಸಮೇತ ಆ ಭಾರದ ಕಾಲು
ಇನ್ನೂ ನನ್ನ ಮಡಿಲಲ್ಲೇ.
ಮೊದಲು ಅದನ್ನು ಎಲ್ಲಿಡುವುದು?