ಹತ್ತಕ್ಕೆ ದೀಪ ಆರಿಸತಕ್ಕದ್ದು

ಹದಿನೈದು ದಿನದ ಮಟ್ಟಿಗೆ ನಾನು ವಾರ್ಡನ್ನು.
ಎಂಎಸ್ಸಿ ಭೌತಶಾಸ್ತ್ರ, ಕೊನೆಯ ಸೆಮಿಸ್ಟರು,
ಪ್ರಾಜೆಕ್ಟಿನ ಎರಡು ಅಧ್ಯಾಯ ಇನ್ನೂ ಬಾಕಿ.
ಕೊರಳಿಗೆ ಕೀಲಿಗೊಂಚಲು, ಕೈಗೊಂದು ಪೀಪಿ,
ಮೂರನೇ ಮಹಡಿಯ ತುಂಬ ಇಪ್ಪತ್ತೆರಡು ಹುಡುಗಿಯರು.
ಗೇಟಿನಲ್ಲಿ ಬೇಸಿಗೆ ವಿಜ್ಞಾನ ಶಿಬಿರದ ಬ್ಯಾನರು,
ಒಂದು ಮೂಲೆ ಬಿಚ್ಚಿ, ಗಾಳಿ ಬಂದಾಗ
ವಿಜ್ಞಾನ ಮಡಿಚಿಕೊಂಡು ಬೇಸಿಗೆ ಮಾತ್ರ ಉಳಿಯುತ್ತದೆ.

ತೋಳಹುಣಸೆಯ ಮೇ ತಿಂಗಳಲ್ಲಿ
ಮಧ್ಯಾಹ್ನ ಮಂಚದ ಕಬ್ಬಿಣ ಮುಟ್ಟಿದ ಕೈ
ತಾನಾಗಿ ಹಿಂದಕ್ಕೆ ಬರುತ್ತದೆ.
ನಲ್ಲಿಯಲ್ಲಿ ಕಾದ ನೀರೇ ಬರುವುದರಿಂದ
ಗೀಜರು ಕೆಟ್ಟ ಬಗ್ಗೆ ಯಾರೂ ದೂರು ಕೊಟ್ಟಿಲ್ಲ.

ಇಪ್ಪತ್ತೆರಡು ಬಕೆಟ್ಟು, ಎಲ್ಲವೂ ನೀಲಿ.
ಮೊದಲ ದಿನವೇ ನೀರಿಗಿಂತ ಮುಂಚೆ ಜಗಳ ಬಂತು.
ಹರಿಹರದ ಫಿರ್ದೋಸ್ ಸಾಕ್ಸಿನೊಳಗಿಂದ
ಬಚ್ಚಿಟ್ಟ ಉಗುರುಬಣ್ಣ ತೆಗೆದು
ಒಂದೊಂದರ ಮೇಲೂ ಹೆಸರು ಬರೆದಳು,
ಬರೆಯುತ್ತ ಬರೆಯುತ್ತ ಎಲ್ಲರ ಹೆಸರು ಕಲಿತಳು.
ತರಬಾರದ ವಸ್ತುಗಳ ಪಟ್ಟಿಯಲ್ಲಿ ಅದು ಏಳನೆಯದು.
ನಾನು ಆರರವರೆಗೆ ಓದಿದ್ದೆ, ಅಷ್ಟೆ.

ಎಲ್ಲರಿಗಿಂತ ಹೆಚ್ಚು ಅತ್ತವಳು ಇಂಚರ.
ಮನೆ ಇಲ್ಲೇ, ವಿದ್ಯಾನಗರ, ಆಟೋದಲ್ಲಿ ಅರ್ಧ ಗಂಟೆ.
ಸಂಜೆ ಸಂಜೆ ಅವರಪ್ಪ ಸ್ಕೂಟರಿನಲ್ಲಿ ಬಂದು
ಗೇಟಿನ ಸಂದಿಯಲ್ಲಿ ಬೆಣ್ಣೆ ಬಿಸ್ಕತ್ತು ತೂರಿಸಿ
"ಅಳಬ್ಯಾಡ ಪುಟ್ಟಿ" ಅಂತ ತಾವೇ ಮೂಗೊರೆಸಿಕೊಂಡು ಹೋಗುತ್ತಾರೆ.
ಆ ಬಿಸ್ಕತ್ತು ರೂಮಿನವರೆಲ್ಲ ತಿಂದು ಮುಗಿಸುವಷ್ಟರಲ್ಲಿ
ಅವಳ ಅಳು ಇನ್ನೂ ಅರ್ಧಕ್ಕೂ ಬಂದಿರುವುದಿಲ್ಲ.

ಪಾಲಮ್ಮ ಬಂದದ್ದು ಮೊಳಕಾಲ್ಮೂರಿನ ಆಚೆಯಿಂದ,
ಮೂರು ಬಸ್ಸು ಬದಲಿಸಿ, ಒಬ್ಬಳೇ.
ಅಳಲಿಲ್ಲ. ಮಾತೂ ಆಡಲಿಲ್ಲ.
ಮೇಲಿನ ಮಂಚ ಕೊಟ್ಟರೆ ಚಾದರ ಎಳೆದುಕೊಂಡು
ನೆಲಕ್ಕಿಳಿದು ಮಲಗುತ್ತಾಳೆ.
"ಯಾಕೆ?" ಅಂದರೆ "ಬೀಳ್ತೀನೇನೋ."
ಮೆಸ್ಸಿನ ಕೊಟ್ರಪ್ಪ ಮಂಡಕ್ಕಿ ಒಗ್ಗರಣೆ ಹಾಕಿದ ದಿನ
ಮೂರು ಸಲ ಬಡಿಸಿಕೊಂಡಳು. ಅವತ್ತೇ ಮೊದಲು ನಗು ಕಂಡದ್ದು,
ಅದೂ ಕೊಟ್ರಪ್ಪನಿಗೆ.

ಒಂಬತ್ತನೇ ರಾತ್ರಿ ಕರೆಂಟು ಹೋಯಿತು.
ಫ್ಯಾನು ನಿಂತದ್ದೇ ಮಹಡಿಗೆ ಮಹಡಿಯೇ ಎದ್ದು ಕೂತಿತು.
ಹೇಗೂ ತಾರಸಿಯ ಮೇಲೆ ಡಿಪಾರ್ಟ್‌ಮೆಂಟಿನ ದೂರದರ್ಶಕ ಇತ್ತು,
ಕೀಲಿ ನನ್ನ ಕೊರಳಲ್ಲೇ ಇತ್ತು.
ಚಾಪೆ, ದಿಂಬು, ಸೊಳ್ಳೆಬತ್ತಿ ಸಮೇತ ಹತ್ತಿದೆವು.
ಗುರು ಗ್ರಹ ತೋರಿಸಿದೆ, ಪಕ್ಕದ ಚಿಕ್ಕ ಚುಕ್ಕೆಗಳನ್ನೂ.
"ಇಷ್ಟೇನಾ" ಅಂದಳು ಫಿರ್ದೋಸ್.
ನನಗೂ ಮೊದಲ ಸಲ ಹಾಗೇ ಅನಿಸಿತ್ತು, ಹೇಳಲಿಲ್ಲ.

ಸರದಿ ಬಂದಾಗ ಇಂಚರ ಕೇಳದೆ
ಕೊಳವೆಯನ್ನು ಆಕಾಶದಿಂದ ಕೆಳಗಿಳಿಸಿ
ಬಡಗಣಕ್ಕೆ, ದಾವಣಗೆರೆಯ ಬೆಳಕಿನ ಮೇಲೆ ತಿರುಗಿಸಿದಳು.
ಬಹಳ ಹೊತ್ತು ಹುಡುಕಿದಳು.
"ಅಕ್ಕಾ, ನಮ್ಮ ಬೀದಿ ಟವರ್ರು! ಕೆಂಪು ಲೈಟು!
ಅಯ್ಯ, ತಲೆಕೆಳಗಾಗೈತಿ!"
ಮಸೂರ ಬಿಂಬವನ್ನು ಮಗುಚುವುದನ್ನು
ಬೆಳಿಗ್ಗೆಯ ಕ್ಲಾಸಿನಲ್ಲಿ ಹೇಳಿದ್ದೆ, ಆಗ ಆಕಳಿಸಿದ್ದಳು.
ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ:
ಅಪ್ಪ ಸ್ಕೂಟರಿನ ಸಮೇತ ಜೋತಾಡುತ್ತಿರಬೇಕಂತೆ,
ಅಮ್ಮನ ಸಾರು ಸೂರಿಗೆ ಚೆಲ್ಲಿರಬೇಕಂತೆ.

ಆಮೇಲೆ ಪಾಲಮ್ಮ ಎದ್ದು ಬಂದಳು.
ಕೊಳವೆಯನ್ನು ಮೆಲ್ಲಗೆ ಮೂಡಲಿಗೆ ತಿರುಗಿಸಿದಳು,
ಎಮ್ಮೆಯ ಮೂತಿ ತಿರುಗಿಸುವ ಹಾಗೆ.
ಆ ಕಡೆ ಬೆಳಕಿಲ್ಲ. ಗುಡ್ಡವೋ ಮೋಡವೋ ತಿಳಿಯದ ಕಪ್ಪು.
ಒಂದು ಕಣ್ಣು ಮುಚ್ಚಿ ನಿಂತವಳು ನಿಂತೇ ಇದ್ದಳು.
ಫಿರ್ದೋಸ್ ಪಿಸುಗುಟ್ಟಿದಳು: "ಏನ್ ಕಾಣ್ತೈತೆ?"
"ಏನಿಲ್ಲ," ಅಂದಳು. "ಎಲ್ಲಾ ಕತ್ಲೆ."
ಕಣ್ಣು ತೆಗೆಯದೆ ಮತ್ತೆ ಅಂದಳು,
"ನಮ್ಮೂರೇ. ರಾತ್ರಿ ಹಿಂಗೇ ಇರ್ತೈತೆ."

ಇಂಚರಳಿಗೂ ನೋಡಬೇಕೆನಿಸಿತು. ಬಗ್ಗಿದಳು.
"ಇದು ತಲೆಕೆಳಗಾದ್ರೆ ಗೊತ್ತೇ ಆಗಲ್ಲ ಅಲ್ವಾ?"
ಪಾಲಮ್ಮ ಯೋಚಿಸಿ, ಹೌದೆಂದು ತಲೆ ಹಾಕಿದಳು.

ಕರೆಂಟು ಬಂದದ್ದು ಯಾವಾಗಲೋ. ಯಾರೂ ಇಳಿಯಲಿಲ್ಲ.
ಕೆಳಗೆ ಖಾಲಿ ರೂಮುಗಳಲ್ಲಿ ದೀಪ, ಫ್ಯಾನು
ತಮ್ಮ ಪಾಡಿಗೆ ನಡೆದವು.
ನೆಲದ ಮೇಲೆ ಇಪ್ಪತ್ತೆರಡು ತಲೆ ಎಣಿಸಿದೆ,
ಇಪ್ಪತ್ತಮೂರು ಬಂತು. ನನ್ನನ್ನೂ ಸೇರಿಸಿಕೊಂಡಿದ್ದೆ.

ಬೆಳಿಗ್ಗೆ ರಿಜಿಸ್ಟರಿನಲ್ಲಿ ಬರೆದೆ:
ರಾತ್ರಿ ಹತ್ತಕ್ಕೆ ದೀಪ ಆರಿಸಲಾಯಿತು.
ಎಲ್ಲರೂ ತಮ್ಮ ತಮ್ಮ ಮಂಚದಲ್ಲಿ ಇದ್ದರು.
ಸಹಿ ಹಾಕಿದೆ.
ಕಿರುಬೆರಳಿನಲ್ಲಿ ಉಗುರುಬಣ್ಣ ಇತ್ತು,
ಯಾರು ಯಾವಾಗ ಹಚ್ಚಿದರೋ.