ಟವೆಲ್ ರಾಡು

ಮೂರನೇ ಸಲ, ಅದೇ ನಲ್ಲಿ.
ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಓಣಿ,
ಮುಚ್ಚಿದ ರೀಲಿಂಗ್ ಶೆಡ್ಡಿಗೆ ಅಂಟಿಕೊಂಡ ಮನೆ.
ಬೆಂದ ಹುಳದ ವಾಸನೆ ಇನ್ನೂ ಗೋಡೆ ಬಿಟ್ಟಿಲ್ಲ.
ಸೊಸೆ ತಸ್ಲೀಮ ಬಾಗಿಲಲ್ಲೇ ಹಿಡಿದಳು:
‘ಏನು ಚಲಪತಿ, ನೀನು ಹಾಕಿದ್ದು ನಲ್ಲಿಯೋ ಹಾಲುಹಲ್ಲೋ?
ತಿಂಗಳು ತುಂಬೋದರೊಳಗೆ ಅಲ್ಲಾಡುತ್ತೆ!’

ವಾಷರ್ ಚೆನ್ನಾಗಿತ್ತು. ಥ್ರೆಡ್ಡು ಸವೆದಿರಲಿಲ್ಲ.
ಬೋರ್‌ವೆಲ್ ನೀರಿನ ಬಿಳಿ ಉಪ್ಪು ಮೈತುಂಬ ಕಟ್ಟಿತ್ತು,
ಕತ್ತಿನ ಮೇಲೊಂದು ಕಡೆ ಬಿಟ್ಟು.
ಅಲ್ಲಿ ಮಾತ್ರ ಪಳಪಳ,
ದಿನಾ ಯಾರೋ ಕೂತು ಉಜ್ಜಿದ ಹಾಗೆ.
ನೀರು ಬಿಡುವ ಕೈ ಎಡಕ್ಕೆ ಎಳೆಯುತ್ತೆ, ಬಲಕ್ಕೆ ಎಳೆಯುತ್ತೆ.
ಈ ನಲ್ಲಿ ಬಗ್ಗಿದ್ದು ಕೆಳಕ್ಕೆ.
ಕೆಳಕ್ಕೆ ಎಳೆಯುವುದು ಭಾರ.

ಸ್ಟೂಲು. ಬಕೆಟ್ಟು. ಕನ್ನಡಿಯಂಥ ಟೈಲ್ಸು,
ಮಗನ ಮದುವೆಗೆ ಅಂತ ಆಸೆಪಟ್ಟು ಹಾಸಿದ್ದು.
ಅದರ ಮೇಲೆ ಸೋಪು ಜಾರಿದ ಉದ್ದನೆಯ ಜಾಡು.
ನಾನು ಸ್ಟೂಲಿನ ಮೇಲೆ ಕೂತೆ,
ಮಂಡಿನೋವಿನವರ ಹಾಗೆ ಏಳಲು ನೋಡಿದೆ.
ಕೈ ತಾನಾಗಿ ಹುಡುಕಿತು.
ಸಿಕ್ಕಿದ್ದು ನಲ್ಲಿ. ಅದೊಂದೇ.

ಬಾಗಿಲ ಸಂದಿಯಲ್ಲಿ ಜೈಬುನಜ್ಜಿ.
ಹನ್ನೊಂದರ ವಯಸ್ಸಿಗೆ ಕುದಿನೀರಿಗೆ ಕೈ ಅದ್ದಿ
ಗೂಡಿನ ಎಳೆ ಹುಡುಕಿ ಎತ್ತಿದ ಬೆರಳು;
ಗೆರೆ ಅಳಿಸಿಹೋಗಿ, ರೇಷನ್ ಅಂಗಡಿಯ ಮಿಷನ್ನು
ಇವರನ್ನು ಇವರೆಂದು ಒಪ್ಪುವುದಿಲ್ಲ.
‘ಮೊಮ್ಮಕ್ಕಳು ನೇತಾಡ್ತಾವಪ್ಪ’ ಅಂದರು,
ನನ್ನ ಮುಖ ನೋಡದೆ.
ಮೊಮ್ಮಕ್ಕಳಿಬ್ಬರಿಗೂ ಮೀಸೆ ಬಂದಿದೆ.

ಹೇಳಬಹುದಿತ್ತು.
ಹೇಳಿದರೆ ನಾಳೆಯಿಂದ
ಸ್ನಾನದ ಹೊತ್ತಿಗೆ ಯಾರಾದರೂ ಒಳಗೆ ಬಂದು ನಿಲ್ಲುತ್ತಾರೆ.
ಕೊನೆಯ ಒಂದು ವರ್ಷ ನಮ್ಮಮ್ಮ
ಕಣ್ಣು ಮುಚ್ಚಿಕೊಂಡೇ ನೀರು ಹುಯ್ಯಿಸಿಕೊಂಡಳು.

‘ಒದ್ದೆ ಬಟ್ಟೆಯೆಲ್ಲ ನಲ್ಲಿ ಮೇಲೆ ಹಾಕ್ತೀರ ತಸ್ಲೀಮಕ್ಕ,
ಅದಕ್ಕೇ ಸಡಿಲ. ಟವೆಲಿಗೆ ಒಂದು ರಾಡು ಹಾಕಿಬಿಡ್ತೀನಿ.’
ಸುಳ್ಳು. ಮೇಲೆ ಮುನ್ನೂರೈವತ್ತು ರೂಪಾಯಿ.

ಎತ್ತರಕ್ಕೆ ಟೇಪು ಹಿಡಿಯಲಿಲ್ಲ.
‘ಅಜ್ಜಿ, ಒಂದ್ಸಲ ಕೂತು ಏಳಿ,
ಸ್ಟೂಲು ಕುಂಟುತ್ತಾ ನೋಡೋಣ.’
ಎದ್ದರು. ಕೈ ಗಾಳಿಯಲ್ಲಿ ಒಂದು ಗಳಿಗೆ
ಇಲ್ಲದ್ದನ್ನು ಹಿಡಿಯಿತು.
ಅಲ್ಲಿಗೆ ಪೆನ್ಸಿಲ್ ಗೀಟು.

ಟವೆಲಿಗೆ ಒಂದೂವರೆ ಇಂಚಿನ ಮೊಳೆ ಸಾಕು.
ನಾನು ಟೈಲ್ಸು ದಾಟಿ, ಗಾರೆ ದಾಟಿ,
ಇಟ್ಟಿಗೆಯೊಳಗೆ ನಾಲ್ಕಿಂಚು ಇಳಿದೆ.
ಕೆಂಪು ಪುಡಿ ತೋಳೆಲ್ಲ.
ಆಂಕರ್ ಬೋಲ್ಟು, ಒಂದೊಂದು ತುದಿಗೂ ಮೂರು.
‘ಟವೆಲಿಗೆ ಇಷ್ಟೊಂದಾ?’
‘ಒದ್ದೆಯಾದ್ರೆ ಭಾರ ಅಕ್ಕ.’
ಬಿಗಿದು ಮುಗಿದ ಮೇಲೆ ಬಾಗಿಲು ಹಾಕಿಕೊಂಡು
ಎರಡೂ ಕಾಲು ಮಡಚಿ ನೇತಾಡಿದೆ:
ಎಂಬತ್ತೆರಡು ಕೆಜಿಯ ಟವೆಲು.
ಗೋಡೆ ಉಸಿರೆತ್ತಲಿಲ್ಲ.
ಹೋಗುವ ಮುಂಚೆ ಗ್ರೈಂಡರ್ ಹಿಡಿದು
ಸ್ಟೂಲಿನ ಸುತ್ತಲ ನಾಲ್ಕು ಟೈಲ್ಸಿನ ಹೊಳಪು ಕಿತ್ತೆ.
ತಸ್ಲೀಮ ಬೈದಳು. ಬೈಸಿಕೊಂಡೆ.

ರಂಜಾನ್ ಕಳೆದ ಮೇಲೆ ಸಂಪಿನ ಮೋಟರಿಗೆ ಅಂತ ಕರೆದರು.
ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದೆ.
ರಾಡಿನ ಒಂದು ತುದಿಗೆ ಸರಿಸಿದ ಹಸಿರು ಟವೆಲು,
ಅಂಗಡಿಯ ಮಡಿಕೆ ಇನ್ನೂ ಬಿಚ್ಚದ್ದು.
ನಡುವೆ ಒಂದು ಗೇಣು ಕಬ್ಬಿಣ ಮಿರಮಿರ.
ನಲ್ಲಿ ಅಲ್ಲಾಡಲಿಲ್ಲ.
ಅದರ ಕತ್ತಿನ ಮೇಲೂ ಈಗ
ಉಪ್ಪು ನಿಧಾನ ಕಟ್ಟುತ್ತಿತ್ತು.

ಟೀ ತಂದದ್ದು ಜೈಬುನಜ್ಜಿಯೇ,
ಲೋಟ ಎರಡೂ ಕೈಯಲ್ಲಿ ಹಿಡಿದು.
‘ಟವೆಲಿಗೆ ಒಳ್ಳೇದಾಯ್ತು ಚಲಪತಿ’ ಅಂದರು.
ಈ ಸಲ ಮುಖ ನೋಡಿ.
‘ಟವೆಲಿಗೆ ಒಳ್ಳೇದಾದ್ರೆ ಸಾಕಜ್ಜಿ’ ಅಂದೆ.